ದೂರದ ಎಲ್ಕ್ ಬೇಟೆಗೆ ರೈಫಲ್ ಕ್ಯಾಲಿಬರ್ ಆರಿಸುವುದು ಹೇಗೆ: ಪ್ರಾಣಿಯಿಂದ ನಳಿಗೆಯ ಕಡೆಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ರಾಕಿ ಪರ್ವತಗಳಲ್ಲಿ ಮೊದಲ ಬಾರಿ ಎಲ್ಕ್ ಎಂಬ ಕಡವೆಯಂತಹ ದೊಡ್ಡ ಪ್ರಾಣಿಯ ಬೇಟೆಗೆ ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಯಾವ ಕ್ಯಾಲಿಬರ್, ಅಂದರೆ ಎಷ್ಟು ಒಳವ್ಯಾಸದ ನಳಿಗೆ, ಕೊಳ್ಳಲಿ?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಯಾವ ಪ್ರಾಣಿ, ಎಷ್ಟು ದೂರ, ಅಷ್ಟು ದೂರ ಹೋಗಿ ತಾಗುವಾಗ ಗುಂಡಿನಲ್ಲಿ ಎಷ್ಟು ವೇಗ ಉಳಿದಿರಬೇಕು, ಆ ವೇಗಕ್ಕೆ ಎಂತಹ ಗುಂಡು, ಆ ಗುಂಡನ್ನು ಹಾರಿಸುವ ತೋಟಾದ ಒದೆತವನ್ನು ನಿಮ್ಮ ಭುಜ ತಾಳುತ್ತದೆಯೇ ಎಂಬ ಕ್ರಮದಲ್ಲಿ ಯೋಚಿಸಿದರೆ, ಕ್ಯಾಲಿಬರ್ ತಾನಾಗಿಯೇ ಎರಡೋ ಮೂರೋ ಹೆಸರುಗಳಿಗೆ ಇಳಿಯುತ್ತದೆ. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ. ಉದಾಹರಣೆಗೆ ಕೊಲರಾಡೊ ರಾಜ್ಯವನ್ನು ಆಯ್ದುಕೊಂಡಿದ್ದೇನೆ, ಏಕೆಂದರೆ ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್‌ಗಳಿರುವುದು ಅಲ್ಲಿ.

ಮೊದಲು ಕಾನೂನು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೊಡಗಿನ ಮನೆಗಳಲ್ಲಿ ಪರವಾನಗಿಯ ವಿನಾಯಿತಿಯಿಂದ ಕೋವಿ ಇರಬಹುದು, ಕೈಲ್‌ಪೊಳ್ದ್‌ನಂದು ಅದಕ್ಕೆ ಪೂಜೆಯೂ ಸಲ್ಲಬಹುದು. ಆದರೆ ಆ ವಿನಾಯಿತಿ ಇರುವುದು ಆಯುಧಕ್ಕೆ, ಬೇಟೆಗಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಬೇಟೆ ಕಾನೂನುಬದ್ಧವಾಗಿರುವ ದೇಶದಲ್ಲಿ ನೆಲೆಸಿರುವವರಿಗೆ ಮಾತ್ರ ಅನ್ವಯಿಸುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ನಿಷಿದ್ಧ; ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಅದಕ್ಕಿರುವ ಮುಖ್ಯ ವಿನಾಯಿತಿಗಳಲ್ಲೊಂದು. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಗೆಳೆಯರ ರೈಫಲ್ ಹಿಡಿದು ಗುರಿ ಅಭ್ಯಾಸಕ್ಕೆ ಹೋಗುವ ಮೊದಲೇ ಈ ವಿಷಯವನ್ನು ವಕೀಲರಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ತಪ್ಪಿದರೆ ಹೋಗುವುದು ಬೇಟೆಯ ಪರವಾನಗಿಯೊಂದೇ ಅಲ್ಲ, ವಲಸೆಯ ಕಡತವೂ ಕೆಡುತ್ತದೆ.

ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ರೈಫಲ್ಲಿನ ಕ್ಯಾಲಿಬರ್ ಕನಿಷ್ಠ .24, ಅಂದರೆ 6 ಮಿಲಿಮೀಟರ್ ಇರಬೇಕು. ಗುಂಡು ತಾಗಿದಾಗ ಅರಳುವಂಥದ್ದಾಗಿರಬೇಕು. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ (15 ಗ್ರೇನ್ ಸುಮಾರು ಒಂದು ಗ್ರಾಂ); ಜಿಂಕೆಗೆ 70 ಗ್ರೇನ್, ಎಲ್ಕ್ ಮತ್ತು ಅದಕ್ಕಿಂತ ದೊಡ್ಡದಾದ ಮೂಸ್‌ಗೆ 85 ಗ್ರೇನ್ ಕನಿಷ್ಠ ತೂಕ. 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇದು ಕಾನೂನು ಹಾಕಿದ ನೆಲಗಟ್ಟು ಮಾತ್ರ. ಈ ಲೆಕ್ಕದಲ್ಲಿ .243 ವಿಂಚೆಸ್ಟರ್‌ನಿಂದಲೂ ಎಲ್ಕ್ ಹೊಡೆಯಬಹುದು, ಆದರೆ ದೂರದ ಹೊಡೆತಕ್ಕೆ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಐಡಾಹೊ ರಾಜ್ಯಕ್ಕೆ ಹೋಗುವವರು ಇನ್ನೊಂದು ನಿಯಮ ನೆನಪಿಡಬೇಕು: ಅಲ್ಲಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಮೊದಲಾದವುಗಳನ್ನು ಸೇರಿಸಿ 16 ಪೌಂಡ್ ಮೀರಿದ ರೈಫಲ್ ದೊಡ್ಡ ಪ್ರಾಣಿಗಳ ಬೇಟೆಗೆ ಸಲ್ಲದು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧವಾಗಿರುವುದರಿಂದ, ಬೇ ಏರಿಯಾದ ಕನ್ನಡಿಗರ ಆಯ್ಕೆ ತಾಮ್ರದ ಗುಂಡಿನಿಂದಲೇ ಆರಂಭವಾಗುತ್ತದೆ.

ಹೆಜ್ಜೆ ಒಂದು: ಪ್ರಾಣಿಯನ್ನು ಅಳೆಯಿರಿ

ಬೆಳೆದ ಗಂಡು ಎಲ್ಕ್ ಸುಮಾರು 320 ಕಿಲೊ ತೂಗುತ್ತದೆ. ನಮ್ಮ ಕಡವೆಯನ್ನು ಕಂಡವರು ಅದಕ್ಕಿಂತ ಎತ್ತರದ, ಇನ್ನೂ ದಪ್ಪ ಕುತ್ತಿಗೆಯ ಪ್ರಾಣಿಯನ್ನು ಊಹಿಸಿಕೊಳ್ಳಬಹುದು. ಮ್ಯೂಲ್ ಜಿಂಕೆ ಅದರ ಮೂರನೇ ಒಂದು ಭಾಗದಷ್ಟು; ಪ್ರಾಂಗ್‌ಹಾರ್ನ್ (ಹುಲ್ಲೆಯಂತಹ ಪ್ರಾಣಿ) ಅದಕ್ಕೂ ಚಿಕ್ಕದು. ತೂಕಕ್ಕಿಂತ ಮುಖ್ಯವಾದದ್ದು ಮರ್ಮಸ್ಥಾನದ ಅಳತೆ. ಹೃದಯ ಮತ್ತು ಶ್ವಾಸಕೋಶಗಳಿರುವ ಎದೆಗೂಡಿನ ಭಾಗ ಪಕ್ಕದಿಂದ ನೋಡಿದಾಗ ಎಲ್ಕ್‌ನಲ್ಲಿ ಸುಮಾರು 14 ಅಂಗುಲ, ಮ್ಯೂಲ್ ಜಿಂಕೆಯಲ್ಲಿ 9ರಿಂದ 10 ಅಂಗುಲ ಅಗಲವಿರುತ್ತದೆ. ನಿಮ್ಮ ಗುಂಡುಗಳು ಎಷ್ಟು ಚದುರಿದರೂ ಈ ವೃತ್ತದೊಳಗೆ ಬೀಳಬೇಕು ಎಂಬುದೇ ಮುಂದಿನ ಎಲ್ಲ ಲೆಕ್ಕಗಳ ಆಧಾರ.

ಎಲ್ಕ್‌ನ ಭುಜದ ಮೂಳೆ ಮತ್ತು ದಪ್ಪ ಪಕ್ಕೆಲುಬುಗಳೂ ಲೆಕ್ಕಕ್ಕೆ ಬರುತ್ತವೆ. ಪ್ರಾಣಿ ಸದಾ ಚಿತ್ರಪಟದಲ್ಲಿರುವಂತೆ ಅಡ್ಡಲಾಗಿ ನಿಂತಿರುವುದಿಲ್ಲ. ಓರೆಯಾಗಿ ನಿಂತರೆ ಗುಂಡು ಹುಲ್ಲು ತುಂಬಿದ ಹೊಟ್ಟೆಯ ಅಂಚನ್ನೋ ಭುಜವನ್ನೋ ದಾಟಿ ಶ್ವಾಸಕೋಶ ತಲುಪಬೇಕು. ಹಾಗಾಗಿ ಪ್ರಾಂಗ್‌ಹಾರ್ನ್‌ಗೆ ಸಾಕಾದದ್ದು ಎಲ್ಕ್‌ಗೆ ಸಾಲದು.

ಹೆಜ್ಜೆ ಎರಡು: ನಿಮ್ಮ ದೂರವನ್ನು ನೀವೇ ಗೊತ್ತುಮಾಡಿಕೊಳ್ಳಿ

‘ಈ ತೋಟಾ 800 ಗಜ ಹೊಡೆಯುತ್ತದೆ’ ಎಂಬ ಮಾತಿಗೆ ಅರ್ಥವಿಲ್ಲ. ಗುಂಡು ಹೇಗಿದ್ದರೂ ಮೈಲುಗಟ್ಟಲೆ ಹೋಗುತ್ತದೆ. ನೀವು ಎಷ್ಟು ದೂರ ಹೊಡೆಯಬಲ್ಲಿರಿ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ನಾನು ಅನುಸರಿಸುವ ಪರೀಕ್ಷೆ ಸರಳವಾದದ್ದು. 10 ಅಂಗುಲದ ಉಕ್ಕಿನ ತಟ್ಟೆಯನ್ನು ನೆಟ್ಟು, ಮೇಜಿನ ಮೇಲಲ್ಲದೆ ಬೆನ್ನುಚೀಲಕ್ಕೆ ಆನಿಸಿ ಮಲಗಿಯೋ ಕುಳಿತೋ, ಬೇರೆ ಬೇರೆ ದಿನಗಳಲ್ಲಿ ತಣ್ಣನೆಯ ನಳಿಗೆಯಿಂದ ಹಾರುವ ಮೊದಲ ಈಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹತ್ತಕ್ಕೆ ಹತ್ತು ತಾಗುವ ದೂರವೇ ನಿಮ್ಮ ದೂರ. ಬಹುಪಾಲು ಜನರಿಗೆ ಅದು 250ರಿಂದ 300 ಗಜದ ನಡುವೆ ನಿಲ್ಲುತ್ತದೆ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

100 ಗಜದಲ್ಲಿ ಒಂದು ಅಂಗುಲ ಚದುರುವ ರೈಫಲ್ 500 ಗಜದಲ್ಲಿ ಐದು ಅಂಗುಲ ಚದುರುತ್ತದೆ, ಅದೂ ಗಾಳಿಯಿಲ್ಲದಾಗ. 500 ಗಜದಲ್ಲಿ ದೂರದ ಅಂದಾಜು 25 ಗಜ ತಪ್ಪಿದರೆ ಗುಂಡು ಆರೇಳು ಅಂಗುಲ ಮೇಲೆ ಅಥವಾ ಕೆಳಗೆ ಬೀಳುತ್ತದೆ. ಲೇಸರ್ ದೂರಮಾಪಕವಿಲ್ಲದೆ 300 ಗಜ ದಾಟುವ ಹೊಡೆತವನ್ನು ಯೋಚಿಸಲೂಬಾರದು ಎನ್ನುವುದು ಇದಕ್ಕಾಗಿಯೇ.

ಯಾವ ಹಣದಿಂದಲೂ ಕೊಂಡು ಸರಿಪಡಿಸಲಾಗದ ಇನ್ನೊಂದು ಸಂಗತಿ ಕಾಲ. 6.5 ಕ್ರೀಡ್‌ಮೋರ್ ಎಂಬ ತೋಟಾದ ಗುಂಡು 500 ಗಜ ತಲುಪಲು ಸುಮಾರು 0.64 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹೆಚ್ಚು ವೇಗದ ಇನ್ನೊಂದು ತೋಟಾ 7 ಎಂಎಂ ಪಿಆರ್‌ಸಿಗೂ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ಮೇಯುತ್ತಿರುವ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ, ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಏಟು ತಿಂದ ಎಲ್ಕ್ ಕಣಿವೆಗಳನ್ನು ದಾಟಿ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘ ಅತಿದೂರದ ಹೊಡೆತಗಳನ್ನು ವಿರೋಧಿಸುವುದೂ ಪ್ರಾಣಿಗೆ ಅಪಾಯದ ಸುಳಿವು ಪಡೆಯುವ ಅವಕಾಶವೇ ಇರುವುದಿಲ್ಲ ಎಂಬ ಕಾರಣಕ್ಕೆ. ನಾನು ಆ ಕ್ಲಬ್ಬಿನಷ್ಟು ಕಟ್ಟುನಿಟ್ಟಲ್ಲ, ಆದರೆ ಈ ಬರಹದಲ್ಲಿ ‘ದೂರ’ ಎಂದಾಗ 300ರಿಂದ 500 ಗಜ ಎಂದಷ್ಟೇ ತಿಳಿಯಬೇಕು. ಅದಕ್ಕಿಂತ ದೂರವಿದ್ದರೆ ನಡೆದು ಹತ್ತಿರ ಹೋಗುವ ದಾರಿ ಇದ್ದೇ ಇದೆ.

ಹೆಜ್ಜೆ ಮೂರು: ತಾಗುವಾಗಿನ ವೇಗ, ಮತ್ತು ಗುಂಡು

ಗುಂಡು ಪ್ರಾಣಿಯನ್ನು ಕೊಲ್ಲುವುದು ಶಕ್ತಿಯ ಅಂಕಿಯಿಂದಲ್ಲ, ಅರಳಿ ಶ್ವಾಸಕೋಶದಲ್ಲಿ ಮಾಡುವ ಗಾಯದಿಂದ. ಎಲ್ಕ್‌ಗೆ 1,500, ಜಿಂಕೆಗೆ 1,000 ಅಡಿ-ಪೌಂಡ್ ಇರಬೇಕು ಎಂಬ ಹಳೆಯ ರೂಢಿಯೊಂದು ಬೇಟೆಗಾರರಲ್ಲಿದೆ. ಅಂದಾಜಿಗೆ ಅದು ಕೆಟ್ಟದ್ದಲ್ಲ, ಆದರೆ ಅದಕ್ಕಿಂತ ನಂಬಬಹುದಾದ ಅಳತೆ ವೇಗ. ಸಾಮಾನ್ಯ ಬೇಟೆಗುಂಡು ಸರಿಯಾಗಿ ಅರಳಲು ತಾಗುವ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 1,800 ಅಡಿ ವೇಗ ಬೇಕು. ದೂರದ ಹೊಡೆತಕ್ಕೆಂದೇ ಮಾಡಿದ ಕೆಲವು ಗುಂಡುಗಳು 1,600 ಅಡಿಗೂ ಅರಳುತ್ತವೆ. ಪೂರ್ಣ ತಾಮ್ರದ ಗುಂಡುಗಳಲ್ಲಿ ಹಲವಕ್ಕೆ 2,000 ಅಡಿಯ ಆಸುಪಾಸು ಇರುವುದು ಒಳ್ಳೆಯದು. ತಯಾರಕರು ತಮ್ಮ ಪ್ರತಿ ಗುಂಡಿನ ಕನಿಷ್ಠ ವೇಗವನ್ನು ತಿಳಿಸಿರುತ್ತಾರೆ. ಆ ಅಂಕಿಗೆ ನೂರಿನ್ನೂರು ಅಡಿ ಸೇರಿಸಿಟ್ಟುಕೊಂಡು, ಅದರ ಕೆಳಗೆ ಇಳಿಯುವ ದೂರವನ್ನು ಗುಂಡಿನ ಗಡಿ ಎಂದು ಬರೆದಿಟ್ಟುಕೊಳ್ಳಿ. ಆ ಗಡಿ ಮತ್ತು ಎರಡನೇ ಹೆಜ್ಜೆಯಲ್ಲಿ ಕಂಡುಕೊಂಡ ನಿಮ್ಮ ಗಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದು ಅಂತಿಮ.

ಗುಂಡಿನ ಗುಣ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1946ರಲ್ಲಿ ಜಾನ್ ನೋಸ್ಲರ್ ಎಂಬಾತ ಕೆನಡಾದಲ್ಲಿ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂನಿಂದ ಮೂಸ್ ಹೊಡೆದಾಗ, ಆ ಪ್ರಬಲ ತೋಟಾದ ಗುಂಡುಗಳು ಕೆಸರು ಮೆತ್ತಿದ ಚರ್ಮದ ಮೇಲೆಯೇ ಒಡೆದು ಒಳಗೆ ಇಳಿಯಲಿಲ್ಲ. ಕ್ಯಾಲಿಬರ್ ಸಾಲದಾಗಿರಲಿಲ್ಲ, ಗುಂಡು ಸಾಲದಾಗಿತ್ತು. ಆತ ಮುಂಭಾಗ ಅರಳಿ ಹಿಂಭಾಗ ಗಟ್ಟಿಯಾಗಿ ಉಳಿಯುವಂತೆ ನಡುವೆ ಗೋಡೆಯಿಟ್ಟ ಪಾರ್ಟಿಶನ್ ಗುಂಡನ್ನು ಮಾಡಿದ. 1948ರಲ್ಲಿ ಮಾರುಕಟ್ಟೆಗೆ ಬಂದ ಅದು ಇಂದಿಗೂ ಮಾರಾಟವಾಗುತ್ತಿದೆ. ಇಂದಿನ ತೊಡಕು ಇದರ ಇನ್ನೊಂದು ಮಗ್ಗುಲು: ದೂರದಲ್ಲಿ ಸುಲಭವಾಗಿ ಅರಳುವ ಮೃದು ಗುಂಡು, ಎಲ್ಕ್ ಅನಿರೀಕ್ಷಿತವಾಗಿ 60 ಗಜದಲ್ಲಿ ಎದುರಾದಾಗ ಭುಜದ ಮೂಳೆಗೆ ಬಡಿದು ಚೂರಾಗಬಹುದು. ಹಾಗಾಗಿ ಎಲ್ಕ್‌ಗೆ ಸೀಸ ಮತ್ತು ಅದರ ಮೇಲಿನ ತಾಮ್ರದ ಹೊದಿಕೆ ಬೆಸೆದುಕೊಂಡಿರುವ ಗುಂಡನ್ನೋ, ಉದ್ದನೆಯ ತಾಮ್ರದ ಗುಂಡನ್ನೋ ಆರಿಸಿ, ಬೇಕಾದರೆ ದೂರದ ಮಿತಿಯನ್ನು ಐವತ್ತು ಗಜ ಇಳಿಸಿಕೊಳ್ಳುವುದನ್ನು ನಾನು ಮೆಚ್ಚುತ್ತೇನೆ.

ಹೆಜ್ಜೆ ನಾಲ್ಕು: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ತೋಟಾ ಎಂದರೆ ಕವಚ, ಮದ್ದು, ಕೇಪು, ಗುಂಡು ಎಲ್ಲ ಸೇರಿದ್ದು. 1906ರ .30-06 ಸ್ಪ್ರಿಂಗ್‌ಫೀಲ್ಡ್, 1952ರ .308 ವಿಂಚೆಸ್ಟರ್, 1963ರ .300 ವಿಂಚೆಸ್ಟರ್ ಮ್ಯಾಗ್ನಂ, ಮೂರೂ ಹಾರಿಸುವುದು ಒಂದೇ 0.308 ಅಂಗುಲ ವ್ಯಾಸದ ಗುಂಡನ್ನು. ವ್ಯತ್ಯಾಸವಿರುವುದು ಹಿಂದಿರುವ ಮದ್ದಿನಲ್ಲಿ. 180 ಗ್ರೇನಿನ ಗುಂಡನ್ನು .308 ಸೆಕೆಂಡಿಗೆ ಸುಮಾರು 2,600 ಅಡಿ, .30-06 2,700 ಅಡಿ, .300 ಮ್ಯಾಗ್ನಂ 2,960 ಅಡಿ ವೇಗದಲ್ಲಿ ಕಳಿಸುತ್ತದೆ.

ಈ ಅಂಕಿಗಳನ್ನು ದೂರಕ್ಕೆ ಬದಲಾಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಇಂತಹ ಗುಂಡು ಗಜಕ್ಕೆ ಸುಮಾರು ಎರಡು ಅಡಿ ವೇಗ ಕಳೆದುಕೊಳ್ಳುತ್ತದೆ. ಅಂದರೆ ಮ್ಯಾಗ್ನಂನಿಂದ ಹೊರಟ ಗುಂಡು ಸುಮಾರು 130 ಗಜ ಹೋದ ಮೇಲೆ .30-06ರ ಬಾಯಿಯಿಂದ ಹೊರಡುವಷ್ಟು ವೇಗಕ್ಕೆ ಇಳಿದಿರುತ್ತದೆ. ಮ್ಯಾಗ್ನಂ ಕೊಂಡವನು ಕೊಂಡದ್ದು ಆ 130 ಗಜವನ್ನು. ಅದಕ್ಕೆ ಕೊಡುವ ಬೆಲೆ ಹೆಚ್ಚಿನ ಒದೆತ, ಹೆಚ್ಚಿನ ಸದ್ದು, ದುಬಾರಿ ತೋಟಾ, ಬೇಗ ಸವೆಯುವ ನಳಿಗೆ. 300 ಗಜದೊಳಗೆ ಹೊಡೆಯುವವನಿಗೆ ಆ 130 ಗಜದ ಅಗತ್ಯವೇ ಬೀಳುವುದಿಲ್ಲ.

ಹೆಜ್ಜೆ ಐದು: ಗಾಳಿಯ ಲೆಕ್ಕ

ಗುಂಡು ಕೆಳಗಿಳಿಯುವುದನ್ನು ಮೊದಲೇ ಲೆಕ್ಕ ಹಾಕಿ ಸ್ಕೋಪಿನ ಗುಂಡಿ ತಿರುಗಿಸಿ ಸರಿಪಡಿಸಬಹುದು. ಗಾಳಿಯನ್ನು ಹಾಗೆ ಸರಿಪಡಿಸಲಾಗದು, ಏಕೆಂದರೆ ಕಣಿವೆಯ ಈ ದಂಡೆಯಲ್ಲಿ ಬೀಸುವ ಗಾಳಿಯೇ ಆ ದಂಡೆಯಲ್ಲಿ ಬೀಸುತ್ತಿರಬೇಕೆಂದಿಲ್ಲ. ದೂರದ ತೋಟಾದ ನಿಜವಾದ ಯೋಗ್ಯತೆ ತಿಳಿಯುವುದು ಇಲ್ಲಿ.

ಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಹಾರಾಟದ ಒಟ್ಟು ಕಾಲದ ಮೇಲೆ ನಿಂತಿಲ್ಲ, ಕಳೆದುಹೋದ ಕಾಲದ ಮೇಲೆ ನಿಂತಿದೆ: ಗಾಳಿಯ ಪ್ರತಿರೋಧವೇ ಇಲ್ಲದಿದ್ದರೆ ಗುಂಡು ತಲುಪಬೇಕಿದ್ದ ಕಾಲಕ್ಕೂ ನಿಜವಾಗಿ ತಲುಪಿದ ಕಾಲಕ್ಕೂ ಇರುವ ಅಂತರವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ ಸಿಗುತ್ತದೆ. ಗಾಳಿಯನ್ನು ಸೀಳಿ ಹೋಗುವ ಸಾಮರ್ಥ್ಯವನ್ನು ಅಳೆಯುವ ಬ್ಯಾಲಿಸ್ಟಿಕ್ ಗುಣಾಂಕ ಹೆಚ್ಚಿದ್ದಷ್ಟೂ ಕಳೆದುಹೋಗುವ ಕಾಲ ಕಡಿಮೆ. ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ, ಸಮುದ್ರಮಟ್ಟದ ಲೆಕ್ಕದಂತೆ 500 ಗಜದಲ್ಲಿ, 2,700 ಅಡಿಯಲ್ಲಿ ಹೊರಡುವ 6.5 ಕ್ರೀಡ್‌ಮೋರ್‌ನ 143 ಗ್ರೇನಿನ ಉದ್ದ ಗುಂಡು ಸುಮಾರು 15 ಅಂಗುಲ, .300 ಮ್ಯಾಗ್ನಂನ 200 ಗ್ರೇನಿನದು ಸುಮಾರು 14 ಅಂಗುಲ, 7 ಎಂಎಂ ಪಿಆರ್‌ಸಿಯ 175 ಗ್ರೇನಿನದು 12 ಅಂಗುಲದ ಆಸುಪಾಸು ಸರಿಯುತ್ತದೆ. ಹಳೆಯ ಮಾದರಿಯ ಮೊಂಡುಮೂತಿಯ 150 ಗ್ರೇನಿನ .308 ಗುಂಡು ಇವುಗಳ ಎರಡರಷ್ಟು ಸರಿಯುತ್ತದೆ. ಎಷ್ಟೋ ಕಡಿಮೆ ಒದೆಯುವ ಕ್ರೀಡ್‌ಮೋರ್ ಗಾಳಿಯ ವಿಷಯದಲ್ಲಿ ದೊಡ್ಡ ಮ್ಯಾಗ್ನಂನ ಪಕ್ಕದಲ್ಲೇ ನಿಂತಿರುವುದನ್ನು ಗಮನಿಸಿ. 2007ರಲ್ಲಿ ಬಂದ ಆ ಪುಟ್ಟ ತೋಟಾ ಇಷ್ಟು ಜನಪ್ರಿಯವಾದದ್ದು ಜಾಹೀರಾತಿನಿಂದಷ್ಟೇ ಅಲ್ಲ.

ಉದ್ದ ಗುಂಡು ಹಾರಾಟದಲ್ಲಿ ಸ್ಥಿರವಾಗಿರಬೇಕಾದರೆ ನಳಿಗೆಯೊಳಗಿನ ಸುರುಳಿ ಬಿಗಿಯಾಗಿರಬೇಕು. 1925ರ .270 ವಿಂಚೆಸ್ಟರ್ ಒಳ್ಳೆಯ ತೋಟಾವೇ, ಆದರೆ ಅದರ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 10 ಅಂಗುಲಕ್ಕೊಂದು ಸುತ್ತು ಇರುವುದರಿಂದ ಅತಿ ಉದ್ದದ ಗುಂಡುಗಳು ಅದಕ್ಕೆ ಒಗ್ಗುವುದಿಲ್ಲ. 6.5 ಕ್ರೀಡ್‌ಮೋರ್ ಮತ್ತು 7 ಎಂಎಂ ಪಿಆರ್‌ಸಿಗಳಲ್ಲಿ ಇದು 8 ಅಂಗುಲಕ್ಕೊಂದು. ರೈಫಲ್ ಕೊಳ್ಳುವಾಗ ನಳಿಗೆಯ ಮೇಲೆ ಕೆತ್ತಿರುವ ಈ ಅಂಕಿಯನ್ನು ಓದದೆ ಹಣ ಕೊಡಬೇಡಿ.

ಹೆಜ್ಜೆ ಆರು: ಭುಜವನ್ನು ಕೇಳಿ

ಎಂಟು ಪೌಂಡಿನ ರೈಫಲ್ಲಿನಲ್ಲಿ 6.5 ಕ್ರೀಡ್‌ಮೋರ್ ಸುಮಾರು 12–13 ಅಡಿ-ಪೌಂಡ್, .308 ಸುಮಾರು 17, .30-06 ಸುಮಾರು 20, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ 21–22, .300 ವಿಂಚೆಸ್ಟರ್ ಮ್ಯಾಗ್ನಂ 26ರ ಮೇಲೆ ಒದೆಯುತ್ತದೆ. ಇಪ್ಪತ್ತರ ಆಚೆ ಹೋದಂತೆ ಹೆಚ್ಚಿನವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮಿಟುಕಿಸಿ ಭುಜ ಬಿಗಿಯುತ್ತಾರೆ. ಹಾಗೆ ಮಾಡುತ್ತಿದ್ದೇವೆಂದು ಒಪ್ಪಿಕೊಳ್ಳುವವರು ಕಡಿಮೆ. ಪರೀಕ್ಷೆ ಸುಲಭ: ಗೆಳೆಯನೊಬ್ಬ ನಿಮಗೆ ಗೊತ್ತಾಗದಂತೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಅಭ್ಯಾಸದ ತೋಟಾವನ್ನು ತುಂಬಿ ಕೊಡಲಿ. ಖಾಲಿ ಟಿಕ್ ಎಂದಾಗ ನಳಿಗೆ ಬಾಗಿದರೆ ಅದೇ ನಿಮ್ಮ ಉತ್ತರ. ನಳಿಗೆಯ ಮೂತಿಗೆ, ಅನಿಲವನ್ನು ಪಕ್ಕಕ್ಕೆ ತಳ್ಳುವ ಬ್ರೇಕ್ ಹಾಕಿದರೆ ಒದೆತ ತಗ್ಗುತ್ತದೆ, ಆದರೆ ಪಕ್ಕದಲ್ಲಿರುವವರ ಕಿವಿಗೆ ಅದು ಶಿಕ್ಷೆ; ಬೇಟೆಯ ಗಡಿಬಿಡಿಯಲ್ಲಿ ಕಿವಿಮುಚ್ಚುಕ ಮರೆತರೆ ಹಾನಿ ಕಾಯಂ.

ರೈಫಲ್ಲಿನ ತೂಕ ಹೆಚ್ಚಿಸುವುದೂ ಒಂದು ದಾರಿ. 10,000 ಅಡಿ ಎತ್ತರದಲ್ಲಿ ದಿನವಿಡೀ ಅದನ್ನು ಹೊತ್ತವರು ಆ ದಾರಿಯನ್ನು ಎರಡನೇ ಸಲ ಹಿಡಿಯುವುದಿಲ್ಲ.

ಆಯ್ಕೆ

ಇಷ್ಟಾದ ಮೇಲೆ ಹೆಸರುಗಳು. ನಿಮ್ಮ ಗಡಿ 300 ಗಜವಾದರೆ .308, 7 ಎಂಎಂ-08 ರೆಮಿಂಗ್ಟನ್, .270, .30-06 ಇವುಗಳಲ್ಲಿ ಯಾವುದಾದರೂ ಸರಿ. ನನ್ನನ್ನು ಒಂದೇ ಹೇಳು ಎಂದರೆ .30-06 ಎನ್ನುತ್ತೇನೆ: ನೂರು ವರ್ಷ ದಾಟಿದರೂ ಬೇಟೆಯೂರಿನ ಪುಟ್ಟ ಅಂಗಡಿಯಲ್ಲೂ ಅದರ ತೋಟಾ ಸಿಗುವ ಸಂಭವ ಹೆಚ್ಚು. 6.5 ಕ್ರೀಡ್‌ಮೋರ್ ಜಿಂಕೆ ಮತ್ತು ಪ್ರಾಂಗ್‌ಹಾರ್ನ್‌ಗೆ 500 ಗಜದವರೆಗೂ ಒಪ್ಪುತ್ತದೆ. ಎಲ್ಕ್‌ಗೆ ಅದರ 143 ಗ್ರೇನಿನ ಗುಂಡು ಸಮುದ್ರಮಟ್ಟದ ಲೆಕ್ಕದಲ್ಲಿ 380 ಗಜದ ಸುಮಾರಿಗೆ ರೂಢಿಯ 1,500 ಅಡಿ-ಪೌಂಡಿನ ಕೆಳಗಿಳಿಯುವುದರಿಂದ, 350 ಗಜಕ್ಕೆ ನಿಲ್ಲಿಸುವುದು ವಿವೇಕ.

ನಿಜವಾಗಿ 400–500 ಗಜದಲ್ಲಿ ಎಲ್ಕ್ ಹೊಡೆಯುವ ಅಭ್ಯಾಸ ಮಾಡಿದವರಿಗೆ 7 ಎಂಎಂ ಗುಂಪು ಅತ್ಯಂತ ಹದವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ 162 ಗ್ರೇನಿನ ಗುಂಡನ್ನು ಸುಮಾರು 2,940 ಅಡಿಯಲ್ಲಿ, 2022ರ 7 ಎಂಎಂ ಪಿಆರ್‌ಸಿ 175 ಗ್ರೇನಿನದನ್ನು 3,000 ಅಡಿಯಲ್ಲಿ ಕಳಿಸುತ್ತದೆ. ಎರಡನೆಯದು ಉದ್ದ ಗುಂಡಿಗೆಂದೇ ರೂಪಿಸಿದ್ದು. ಮೊದಲನೆಯದರ ತೋಟಾ ಹೆಚ್ಚು ಕಡೆ ಸಿಗುತ್ತದೆ. ಮೊದಲೇ ಮನೆಯಲ್ಲಿ ರೆಮಿಂಗ್ಟನ್ ಮ್ಯಾಗ್ನಂ ಇದ್ದವರು ಹೊಸದಕ್ಕೆ ಓಡುವ ಅಗತ್ಯ ನನಗೆ ಕಾಣುವುದಿಲ್ಲ. .300 ವಿಂಚೆಸ್ಟರ್ ಮ್ಯಾಗ್ನಂ ಇವೆರಡಕ್ಕಿಂತ ಭಾರದ ಗುಂಡು ಹಾರಿಸುತ್ತದೆ, ಮೂಸ್ ಬೇಟೆಯೂ ಮನಸ್ಸಿನಲ್ಲಿದ್ದರೆ ಅದಕ್ಕೆ ಅರ್ಥವಿದೆ, ಆದರೆ ಆರನೇ ಹೆಜ್ಜೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ. ಅದಕ್ಕೂ ದೊಡ್ಡ .338 ಲಾಪುವದಂತಹ ತೋಟಾಗಳನ್ನು ಈ ದೂರಗಳಿಗೆ ಪರಿಗಣಿಸುವುದೇ ಬೇಡ.

ಕೊಂಡ ಮೇಲೆ

ಒಂದೇ ಬಾರಿ, ಒಂದೇ ತಯಾರಿಕಾ ಕಂತಿನ (ಲಾಟ್) ಸಂಖ್ಯೆ ಇರುವ ಐದಾರು ಪೆಟ್ಟಿಗೆ ತೋಟಾ ಕೊಳ್ಳಿ. ಸಂಖ್ಯೆ ಬದಲಾದರೆ ವೇಗವೂ ತುಸು ಬದಲಾಗಬಹುದು. ಪೆಟ್ಟಿಗೆಯ ಮೇಲಿನ ವೇಗವನ್ನು ನಂಬದೆ ನಿಮ್ಮ ನಳಿಗೆಯಲ್ಲೇ ಕ್ರೊನೊಗ್ರಾಫ್‌ನಿಂದ ಅಳೆಯಿರಿ. ತಯಾರಕರು ಆ ವೇಗ ಅಳೆದ ಪರೀಕ್ಷೆಯ ನಳಿಗೆಗಿಂತ ನಿಮ್ಮದು ಗಿಡ್ಡವಿದ್ದರೆ ಅಂಗುಲಕ್ಕೆ ಸುಮಾರು 25 ಅಡಿ ವೇಗ ಕಡಿಮೆ ಬರುತ್ತದೆ.

ಹ್ಯೂಸ್ಟನ್ನಿನಂತಹ ತಗ್ಗಿನ ಊರಿನಲ್ಲಿ ಗುರಿ ಕೂಡಿಸಿದ ರೈಫಲ್ ಕೊಲರಾಡೊದಲ್ಲಿ ಹಾಗೆಯೇ ಹೊಡೆಯುವುದಿಲ್ಲ. 8,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ನೂರಕ್ಕೆ 79ರಷ್ಟು, 10,000 ಅಡಿಯಲ್ಲಿ 74ರಷ್ಟು ಮಾತ್ರ. ಗುಂಡು ಕಡಿಮೆ ವೇಗ ಕಳೆದುಕೊಳ್ಳುತ್ತದೆ, ಕಡಿಮೆ ಇಳಿಯುತ್ತದೆ, ಗಾಳಿಗೂ ಕಡಿಮೆ ಸರಿಯುತ್ತದೆ. 200 ಗಜದಲ್ಲಿ ಇದು ಗಮನಕ್ಕೇ ಬಾರದು, 500 ಗಜದಲ್ಲಿ ಕೆಲವು ಅಂಗುಲಗಳ ವ್ಯತ್ಯಾಸ. ಲೆಕ್ಕದ ಆ್ಯಪ್‌ನಲ್ಲಿ ಎತ್ತರ ಮತ್ತು ಉಷ್ಣತೆಯನ್ನು ಬದಲಿಸಿಕೊಂಡು, ಇಳಿತದ ಪಟ್ಟಿಯನ್ನು ಕಾಗದದಲ್ಲಿ ಬರೆದು ರೈಫಲ್ಲಿನ ಹಿಡಿಗೆ ಅಂಟಿಸಿ, ಏಕೆಂದರೆ ಚಳಿಯಲ್ಲಿ ಫೋನಿನ ಬ್ಯಾಟರಿ ಕೈಕೊಡುತ್ತದೆ.

ವಿಮಾನದಲ್ಲಿ ರೈಫಲ್ ಖಾಲಿಯಾಗಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಘೋಷಿಸಿದ ಸಾಮಾನಾಗಿ ಹೋಗಬೇಕು. ತೋಟಾದ ತೂಕವನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ 5 ಕಿಲೊಗೆ ಮಿತಿಗೊಳಿಸುತ್ತವೆ. ಬಿಡಾರ ತಲುಪಿದ ದಿನ, ಬೇಟೆ ತೆರೆಯುವ ಮುನ್ನ, ಸುರಕ್ಷಿತ ದಿಬ್ಬವನ್ನು ಹಿನ್ನೆಲೆಯಾಗಿಟ್ಟು 200 ಗಜಕ್ಕೆ ಮೂರು, ನಿಮ್ಮ ಗಡಿಯ ದೂರಕ್ಕೆ ಎರಡು ಈಡು ಹೊಡೆದು ನೋಡಿ. ಪ್ರಯಾಣದಲ್ಲಿ ಸ್ಕೋಪು ಅಲುಗಿದ್ದರೆ ತಿಳಿಯುವುದು ಆಗಲೇ, ಮತ್ತು ಸರಿಪಡಿಸಲು ಬೇಕಾಗುವ ಸಣ್ಣ ಟಾರ್ಕ್ ಸ್ಕ್ರೂಡ್ರೈವರ್ ನಿಮ್ಮ ಚೀಲದಲ್ಲಿರಲಿ.